ಬಾಣಂತಿ ಕೋಣೆಯ ಗಾಳಿ

ಬಿಸಿಹಾಲು ಹಿಡಿದು ಬಾಗಿಲು ತಳ್ಳಿದ ಚಿಕ್ಕಗಂಗಮ್ಮನಿಗೆ ಮಗಳು ಮಾನಸಾ ನಿದ್ದೆಯಲ್ಲಿದ್ದಂತೆ ಕಂಡಳು. ಮುಟ್ಟಿದರೆ ಮೈ ತಣ್ಣಗೆ. ಕೆನ್ನೆ ಮಾತ್ರ ಕೆಂಪು—ಬದುಕಿದ್ದಾಗಲೂ ಆ ಮುಖಕ್ಕೆ ಅಷ್ಟು ಬಣ್ಣವಿರಲಿಲ್ಲ.

ತುಮಕೂರಿನ ಹೊರಗೆ, ಗುಬ್ಬಿ ರಸ್ತೆಯ ಹೊಸ ಬಡಾವಣೆಗೆ ಬಂದ ಇನ್‌ಸ್ಪೆಕ್ಟರ್ ಆಶಾರಾಣಿಗೆ ಮೊದಲು ಕೇಳಿಸಿದ್ದು ಗೋಡೆಯ ಸದ್ದು. ಒಳಗಿಂದ ಯಾರೋ ನಿಧಾನವಾಗಿ ಉಸಿರೆಳೆದಂತೆ. ಇಲ್ಲಿಯ ಮನೆಗಳಿಗೆ ಎಸಿ, ಫ್ಯಾನು ಬೇಡ. ನೆಲದಡಿಯ ಪೈಪಿನಲ್ಲಿ ತಂಪಾದ ಗಾಳಿ ಕೋಣೆಕೋಣೆಯ ಕಿಂಡಿಯಿಂದ ಬರುತ್ತದೆ, ಬಿಸಿಗಾಳಿ ಛಾವಣಿಯ ಚಿಮಣಿಯಿಂದ ಹೋಗುತ್ತದೆ. ವಿಷಯ ಗೊತ್ತಿದ್ದರೂ ಅವಳು ಒಮ್ಮೆ ಗೋಡೆಗೆ ಅಂಗೈಯಿಟ್ಟು ನೋಡಿದಳು.

ಚಿಕ್ಕಗಂಗಮ್ಮ ಅಳಿಯನತ್ತ ಕೈ ತೋರಿಸಿದಳು. "ಬಾಣಂತನಕ್ಕೆ ನಮ್ಮೂರು ಕಡಬಕ್ಕೆ ಕಳ್ಸು ಅಂದ್ರೆ ಕಳಿಸ್ನಿಲ್ಲ. ನನ್ನೇ ಇಲ್ಲಿಗೆ ಕರುಸ್ಕಂಡ. ಏನೋ ಹಾಕಿ ಕೊಂದವ್ನೆ ಕಣವ್ವಾ."

ಅಳಿಯ ಅಂಜನ್‌ಕುಮಾರ್ ಇಲ್ಲವೆನ್ನಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದು ಪೇದೆ ಆಗಲೇ ಕೋಳ ಹೊರತೆಗೆದಿದ್ದ. ಹಸುಗೂಸು ರಾತ್ರಿ ರಚ್ಚೆ ಹಿಡಿದು, ನಡುಮನೆಯಲ್ಲಿ ಅಜ್ಜಿಯ ಪಕ್ಕ ಮಲಗಿತ್ತಂತೆ. ಅದೊಂದು ಪುಣ್ಯ.

ಪಕ್ಕದ ಮನೆಯ ರೇಣುಕಾಪ್ರಸಾದ್ ದನಿ ತಗ್ಗಿಸಿದ. "ರಾತ್ರಿ ಬಾಣಂತಿ ಕೋಣೆ ಕಡೆ ಸದ್ದೇ ಇರ್ಲಿಲ್ಲ, ಮೇಡಂ. ಮನೆ ಉಸಿರು ಬಿಗಿಹಿಡ್ಕೊಂಡಂಗಿತ್ತು."

ಚಿಕ್ಕಗಂಗಮ್ಮನನ್ನು ಕೂಸಿನ ಜೊತೆ ನಡುಮನೆಯಲ್ಲೇ ಬಿಟ್ಟು, ಆಶಾರಾಣಿ ಅಂಜನ್‌ಕುಮಾರನೊಬ್ಬನನ್ನೇ ಆ ಕೋಣೆಗೆ ಕರೆದೊಯ್ದಳು. ಮಂಚದಡಿ ಅಗ್ಗಿಷ್ಟಿಕೆ, ಅದರಲ್ಲಿ ತೆಂಗಿನ ಕರಟದ ಬೂದಿ. ಶವದ ತಲೆದೆಸೆಯಲ್ಲಿ ಯಾರೋ ದೀಪ ಹಚ್ಚಿದ್ದರು. ಎಲ್ಲರೂ ಅದಕ್ಕೆ ಕೈ ಮುಗಿದಿದ್ದರು, ಯಾರೂ ಅದನ್ನು ನೋಡಿರಲಿಲ್ಲ. ಕುಡಿ ಒಂದೇ ಕಡೆಗೆ ವಾಲಿತ್ತು.

"ಗಾಳಿ ಈಗ ಚೆನ್ನಾಗಿ ಓಡ್ತಿದೆ. ರಾತ್ರಿನೂ ಹೀಗೇ ಓಡಿದ್ರೆ ಕೆಂಡದ ವಿಷಗಾಳಿ ಇಲ್ಲಿ ನಿಲ್ತಿರ್ಲಿಲ್ಲ. ಕೆನ್ನೆ ಕೆಂಪಾಗಿರೋದು ಅದ್ರಿಂದಾನೇ. ಕಿಂಡಿ ಮುಚ್ಚಿತ್ತು—ಬೆಳಿಗ್ಗೆ ತೆಗೆದಿದ್ದು ಯಾರು?"

"ನಾನೇ."

"ಮುಚ್ಚಿದ್ದು?"

"ಅದೂ ನಾನೇ ಅಂತ ಬರ್ಕೊಳ್ಳಿ."

"ಸುಳ್ಳು. ಕೊಲ್ಲೋಕೆ ಮುಚ್ಚಿದ್ದಲ್ಲ ಇದು. ಬಾಣಂತಿಗೆ ಗಾಳಿ ಸೋಕ್ಬಾರ್ದು ಅಂತ ಕಿಂಡಿ ಹುಡುಕಿ ಬಟ್ಟೆ ತುರುಕೋರು ಹೆತ್ತ ತಾಯಿ. ಚಿಕ್ಕಗಂಗಮ್ಮ."

ಅಂಜನ್‌ಕುಮಾರ್ ಕೈ ಜೋಡಿಸಿದ. ಅವನ ಕಣ್ಣೀರು ಅಲ್ಲಿಯವರೆಗೆ ಎಲ್ಲಿತ್ತೋ. "ಮೆಲ್ಲಗೆ, ಮೇಡಂ. ಇದು ಗೊತ್ತಾದ್ರೆ ಅತ್ತೆ ಬದುಕಲ್ಲ. ನನ್ನನ್ನೇ ಕರ್ಕೊಂಡ್ಹೋಗಿ."

ಆಶಾರಾಣಿ ಬಾಗಿಲು ಭದ್ರವಾಗಿ ಹಾಕಿದ್ದಳು. ಆದರೆ ನಡುಮನೆಗೂ ಈ ಕೋಣೆಗೂ ಪೈಪು ಒಂದೇ. ಉಸಿರಾಡುತ್ತಿದ್ದ ಗೋಡೆಯೊಳಗಿಂದ, ನೆಲದಾಳದಿಂದ ಎದ್ದು ಬಂದಂತೆ, ಒಂದು ದನಿ ಕೇಳಿತು.

"ಸಂಜೆ ಒಂದ್ಸಲ ಸೀನಿದ್ಳು ಕಣವ್ವಾ... ಥಂಡಿ ಆದೀತು ಅಂತ ನನ್ ಸೀರೆ ತುರ್ಕಿದ್ದೆ."