ಅಪ್ಪನ ಎಲೆಯ ಪಾಲು

"ಅಲ್ಲೇ ನಿಲ್ಲಿ! ಒಳಗೆ ಬರುವುದು ಬೇಡ!"

ಜಗಲಿಗೆ ಕಾಲಿಡಲು ಹೊರಟ ಯುವಕ ಹಾಗೇ ನಿಂತುಬಿಟ್ಟ. ಅಕ್ಷಿತಾಳ ಕಣ್ಣು ಅವನ ಕೊರಳಿನ ಪುಟ್ಟ ಶಿಲುಬೆಯ ಮೇಲಿತ್ತು.

ಅಪ್ಪ ತ್ಯಾಂಪಣ್ಣನಿಗೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಾಗಿನಿಂದ ಕಾಣಿಯೂರಿನ ಆ ಮನೆಗೆ ಬುದ್ಧಿ ಹೇಳುವವರಿಗೇನೂ ಕೊರತೆಯಿರಲಿಲ್ಲ. ಕಾಯಿಲೆಯವರಿರುವ ಮನೆಗೆ ಶಿಲುಬೆ ಹಾಕಿದವರು ಬಂದರೆ ಅದು ಮತಾಂತರಕ್ಕೇ ಎಂದು ಮಹೇಶ್ವರ ಮಾವ ಮೊದಲೇ ಹೇಳಿಟ್ಟಿದ್ದರು.

"ನಮಗೆ ಪ್ರಾರ್ಥನೆ ಗೀರ್ಥನೆ ಎಂತದೂ ಬೇಡ!"

"ಅದಕ್ಕೆ ನನಗೂ ಪುರುಸೊತ್ತಿಲ್ಲ ಮೇಡಂ," ಎಂದ ಅವನು. "ನಾನು ಶಿಜು. ಫಿಸಿಯೋಥೆರಪಿಗೆ ಬಂದದ್ದು. ಡಾಕ್ಟ್ರು ಫೋನ್ ಮಾಡ್ಲಿಲ್ವಾ?"

ಅಕ್ಷಿತಾಳಿಗೆ ನೆಲ ಬಾಯಿಬಿಟ್ಟರೆ ಸಾಕು ಎನಿಸಿತು. ಒಳಗಿನಿಂದ ಅಪ್ಪ ನಕ್ಕ ಸದ್ದು ಕೇಳಿಸಿತು. ಹಾಸಿಗೆ ಹಿಡಿದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಆ ನಗುವೇ ಶಿಜುವಿಗೆ ಬಾಗಿಲು ತೆರೆಯಿತು.

ನೆಲ್ಯಾಡಿಯಿಂದ ಬೈಕಿನಲ್ಲಿ ಬರುತ್ತಿದ್ದ ಅವನು ಅಪ್ಪನ ಕೈಕಾಲು ಆಡಿಸಿ, ಕಡೆಗೊಮ್ಮೆ ತುಳಸಿಕಟ್ಟೆಯವರೆಗೂ ನಡೆಸಿದ. ಸಾರಿಗೆ ಉಪ್ಪು ಜಾಸ್ತಿಯಾದರೆ ಅಕ್ಷಿತಾಳನ್ನೂ ಬಿಡದೆ ಗದರಿಸಿದ. ಗದರಿಸುತ್ತಾ ಗದರಿಸುತ್ತಾ ಅವಳ ಮನಸ್ಸಿನೊಳಗೂ ಬಂದು ಕೂತ. 'ನೀವು' ಹೋಗಿ 'ನೀನು' ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ. ಅಪ್ಪನಿಗೆ ಮಾತ್ರ ಚೆನ್ನಾಗಿ ತಿಳಿದಿತ್ತು.

ಎರಡನೆಯ ಸಲ ಪಾರ್ಶ್ವವಾಯು ಬಡಿದಾಗ ಪುತ್ತೂರಿನ ಆಸ್ಪತ್ರೆಯಲ್ಲಿ ಅಪ್ಪ ಅವಳ ಕೈ ಹಿಡಿದು ತೊದಲಿದ್ದರು.

"ನಾನು ಹೋದ ಮೇಲೆ ನನಗೆ ಎಲೆ ಹಾಕಿ ಬಡಿಸ್ತೀರಲ್ಲ... ಆ ದಿನ ಶಿಜುವನ್ನೂ ಕರಿ. ಅವ ನನ್ನ ಪಾಲು ಉಂಡರೆ ನನಗೆ ಸಮಾಧಾನ."

ಅದೇ ಕೊನೆಯ ಮಾತು.

* * *

ಅಪ್ಪ ಹೋಗಿ ವರ್ಷ ತುಂಬಿತು. ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಒಳಕೋಣೆಯಲ್ಲಿ ಬಾಳೆಲೆ ಹಾಕಿ ಬಡಿಸಿ, ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ, ಆಮೇಲೆ ಆ ಎಲೆಯ ಅನ್ನ-ಕೋಳಿಯನ್ನು ಮನೆಯವರೆಲ್ಲ ಹಂಚಿಕೊಂಡು ಉಣ್ಣುವುದು ಅವರಲ್ಲಿಯ ಪದ್ಧತಿ. ಬಡಿಸುವ ಮೊದಲು ಯಾರೂ ರುಚಿ ನೋಡುವಂತಿಲ್ಲ. ಅಕ್ಷಿತಾ ಕಣ್ಣೊರೆಸಿಕೊಳ್ಳುತ್ತಲೇ ಕೋಳಿ ಸಾರು ಮಾಡಿದಳು.

ಶಿಜು ಬಂದ. ಎಲೆಯ ಮುಂದೆ ಕೈಮುಗಿದ. ಅಮ್ಮ ತಾನೇ ಅಪ್ಪನ ಎಲೆಯಿಂದ ತೆಗೆದು ಅವನಿಗೆ ಬಡಿಸಿದರು.

ಅವನು ಅನ್ನ, ಉಪ್ಪಿನಕಾಯಿ, ಪಲ್ಯ ಉಂಡ. ಕೋಳಿಯನ್ನು ಮುಟ್ಟಲಿಲ್ಲ.

'ಆಮೇಲೆ ತಿನ್ನುತ್ತಾನೆ...' ಎಂದುಕೊಂಡು ಅಕ್ಷಿತಾ ಕಾದಳು. ಅವನು ಎದ್ದ. ಸುತ್ತ ನೋಡಿ, ಕೋಳಿಯನ್ನೆಲ್ಲ ಬಾಳೆಲೆಯ ತುಂಡಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬೈಕಿಗೆ ಸಿಕ್ಕಿಸಿದ.

ಮಹೇಶ್ವರ ಮಾವ ಪಕ್ಕದಲ್ಲೇ ಇದ್ದರು. "ನೋಡಿದ್ಯಾ? ದಾರಿಯಲ್ಲಿ ನಾಯಿಗೆ ಹಾಕ್ಲಿಕ್ಕೆ! ನಮ್ಮ ಸತ್ತವರೆಲ್ಲ ಅವರ ಲೆಕ್ಕದಲ್ಲಿ ಪಿಶಾಚಿಗಳು ಮಾರಾಯ್ತಿ. ಅವರಿಗೆ ನಮ್ಮ ಎಲೆಯ ಅನ್ನ ಮೈಲಿಗೆ."

"ಅವರಿಗೇನಾದರೂ ವ್ರತ..." ಎಂದು ಅಮ್ಮ ಬಾಯಿ ತೆರೆದರು.

"ಕ್ರಿಶ್ಚನರಿಗೆ ಎಂತ ವ್ರತ ಅಕ್ಕ? ಮುನ್ನೂರ ಅರವತ್ತೈದು ದಿನವೂ ಮಾಂಸ ತಿನ್ನುವವರು ಅವರು!"

ಅಕ್ಷಿತಾಳ ಎದೆ ಒಡೆದಂತಾಯಿತು. ಬೇರೆ ಯಾರ ಮನೆಯ ಊಟವನ್ನು ಬಿಟ್ಟಿದ್ದರೂ ಅವಳು ಸಹಿಸುತ್ತಿದ್ದಳು. ಇದು ಅಪ್ಪನ ಪಾಲು! ಅಪ್ಪ ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ!

ಅವಳು ಅಂಗಳಕ್ಕಿಳಿದಳು. "ನೀವು ಇನ್ನು ಈ ಮನೆಗೆ ಬರಬೇಡಿ."

'ನೀವು' ಎಂಬ ಮಾತಿಗೇ ಅವನ ಮುಖ ಬಾಡಿತು. "ಅಕ್ಷಿತಾ... ನಾನು ಎಂತ ತಪ್ಪು ಮಾಡಿದೆ?"

"ಅದೂ ಗೊತ್ತಾಗ್ಲಿಲ್ವಾ?"

ಅವನು ಚೀಲದ ಕಡೆ ನೋಡಿದ, ಅವಳ ಕಡೆ ನೋಡಿದ. ತಲೆ ತಗ್ಗಿಸಿ ಹೊರಟುಹೋದ. ಆ ಸಂಜೆಯೇ ಅವಳು ಅವನ ನಂಬರನ್ನು ಬ್ಲಾಕ್ ಮಾಡಿದಳು.

ಆಮೇಲಿನ ದಿನಗಳು ಹೇಗೆ ಕಳೆದವೋ ಅವಳಿಗೇ ಗೊತ್ತಿಲ್ಲ. ಕಡಬದ ಮೆಡಿಕಲ್ ಶಾಪಿಗೆ ಕೆಲಸಕ್ಕೆ ಹೋಗುವುದು, ಬರುವುದು, ಊಟ ಸೇರದೆ ಎದ್ದುಬಿಡುವುದು. ಮುಚ್ಚಿದ ಒಳಕೋಣೆಯ ಮುಂದೆ ಹಾದುಹೋಗುವಾಗೆಲ್ಲ ಅಪ್ಪ ಹಸಿದುಕೊಂಡೇ ಕೂತಿದ್ದಾರೆ ಎನಿಸುತ್ತಿತ್ತು. ಮಾವ ಅರಂತೋಡಿನ ಕಡೆಯ ಒಂದು ಸಂಬಂಧ ತಂದರು. ಭಾನುವಾರ ಹುಡುಗನ ಮನೆಯವರು ನೋಡಲು ಬರುತ್ತಾರೆ ಎಂದಾಗ ಅವಳು ಬೇಡ ಎನ್ನಲಿಲ್ಲ. ಬೇಡ ಎನ್ನುವುದಕ್ಕೂ ಮನಸ್ಸಿನಲ್ಲಿ ಬಲ ಬೇಕಲ್ಲ!

* * *

ಶನಿವಾರ ಮೆಡಿಕಲ್ ಶಾಪಿಗೆ ಬಿಳಿ ರವಿಕೆ-ಪಂಚೆಯ ಚಟ್ಟೆ ಮುಂಡು ಉಟ್ಟ ಮಲಯಾಳಿ ಹೆಂಗಸೊಬ್ಬರು ಮಂಡಿನೋವಿನ ಮುಲಾಮು ಕೇಳಿಕೊಂಡು ಬಂದರು. ಮುಲಾಮು ಕೈಗೆ ಬಂದರೂ ಹೋಗಲಿಲ್ಲ.

"ಮೋಳೇ, ನೀನಲ್ವಾ ತ್ಯಾಂಪಣ್ಣನ ಮಗಳು? ನಾನು ಏಲಿಕುಟ್ಟಿ. ಶಿಜುವಿನ ಅಮ್ಮ."

ಅಕ್ಷಿತಾ ಮುಖ ತಿರುಗಿಸಿದಳು.

"ಸಿಟ್ಟು ಮಾಡು, ಪರವಾಗಿಲ್ಲ. ಒಂದು ವಿಷಯ ಕೇಳಿ ಹೋಗ್ತೇನೆ. ನಿಮ್ಮ ಮನೆಯ ಕೋಳಿ ನನ್ನ ಫ್ರಿಜ್ಜಲ್ಲಿ ಉಂಟು. ಅದನ್ನು ನಾಳೆ ಬಿಸಿ ಮಾಡಬಹುದಾ? ನಿಮ್ಮಲ್ಲಿ ಅದಕ್ಕೆ ಬೇರೆ ಕ್ರಮ ಉಂಟಾ?"

"ಎಂತ...?"

"ಐವತ್ತು ದಿನದ ನೋಂಬು ಅಲ್ವಾ ನಮಗೆ ಈಗ, ಉಪವಾಸ! ನಾಳೆ ಈಸ್ಟರ್ ಆಗುವವರೆಗೆ ಮೀನು ಮಾಂಸ ಮುಟ್ಲಿಕ್ಕಿಲ್ಲ. ಅವ ಆ ಪೊಟ್ಟಣ ತಂದು ಐಸಿನ ಖಾನೆಯಲ್ಲಿ ಇಟ್ಟವ ಯಾರಿಗೂ ಮುಟ್ಲಿಕ್ಕೆ ಬಿಡ್ಲಿಲ್ಲ. ಒಂದು ದಿನ ಪೂರ್ತಿ ಕರೆಂಟ್ ಇಲ್ಲ ಅಂತ ಉಪ್ಪಿನಂಗಡಿಗೆ ಹೋಗಿ ಮೀನು ಮಾರುವ ಗಾಡಿಯಿಂದ ಐಸ್ ತಂದ ಮಾರಾಯ್ತಿ! ತ್ಯಾಂಪಣ್ಣನ ಪಾಲು, ನೋಂಬು ಬಿಡುವಾಗ ಮೊದಲ ತುತ್ತು ಅದೇ ಅಂತ ಹೇಳಿದ್ದಾನೆ."

ಅಕ್ಷಿತಾಳ ಕೈಯಲ್ಲಿದ್ದ ಚಿಲ್ಲರೆ ಗಾಜಿನ ಮೇಲೆ ಚೆಲ್ಲಿತು. ಕ್ರಿಶ್ಚನರಿಗೆ ಎಂತ ವ್ರತ ಅಂದಿದ್ದರು ಮಾವ... ತಾನು ಅದನ್ನು ನಂಬಿದೆನಲ್ಲ! ಎದುರಿಗೇ ನಿಂತಿದ್ದವನನ್ನು ಒಂದು ಮಾತು ಕೇಳಲಿಲ್ಲವಲ್ಲ!

"ಬಿಸಿ ಮಾಡಬಹುದು ಅಮ್ಮಚ್ಚಿ," ಎಂದಳು.

* * *

ಭಾನುವಾರ ಬೆಳಿಗ್ಗೆ ನೆಲ್ಯಾಡಿಯಲ್ಲಿ ಬಸ್ಸಿಳಿದು ಅವಳು ಶಿಜುವಿನ ಮನೆಗೆ ನಡೆದೇ ಹೋದಳು. ಚರ್ಚಿನಿಂದ ಆಗಷ್ಟೇ ಬಂದಿದ್ದ ಶಿಜು ಅಡುಗೆಮನೆಯ ಮೇಜಿನೆದುರು ಕೂತಿದ್ದ. ತುಂಬಾ ಸೊರಗಿಹೋಗಿದ್ದ. ಮುಂದೆ ತಟ್ಟೆಯಲ್ಲಿ ಅಪ್ಪನ ಪಾಲು, ಹಬೆಯಾಡುತ್ತಿತ್ತು. ಅವಳನ್ನು ಕಂಡವನೇ ಎದ್ದು ನಿಂತ.

"ನೋಂಬು ಅಂತ ಯಾಕೆ ಹೇಳ್ಲಿಲ್ಲ ನೀನು?" ಅವಳ ಸ್ವರ ಒಡೆಯಿತು.

"ಉಪವಾಸವನ್ನು ಊರಿಗೆ ಹೇಳ್ಕೊಂಡು ತಿರುಗಬಾರದು ಅಂತ ಸಣ್ಣದರಿಂದ ಕಲಿಸಿದ್ದು. ಮತ್ತೆ... ತಿಥಿಯ ಊಟ ಅಂದ್ರೆ ಮಾಂಸ ಇರುದಿಲ್ಲ ಅಂತ ನಾನು ಅಂದ್ಕೊಂಡದ್ದು. ಎದುರಿಗೆ ಬಡಿಸಿದಾಗ ಬೇಡ ಅನ್ಲಿಕ್ಕೆ ಹೆದರಿಕೆ ಆಯ್ತು. ಬೇಡ ಅಂದ್ರೆ ಸತ್ತವರ ಆತ್ಮ ಅಲೆದಾಡ್ತದೆ ಅಂತ ಯಾರೋ ಹೇಳಿದ್ರು."

"ಅಯ್ಯೋ, ಹಾಗೆಂತ ಇಲ್ಲ ಮಾರಾಯ! ವ್ರತ ಇದ್ದವರು ಕೈಮುಗಿದು ಬಿಡ್ತಾರೆ, ಅಷ್ಟೆ."

"ನನಗೆ ಯಾರು ಹೇಳುದು? ಕಟ್ಟಿ ತಂದದ್ದೇ ದೊಡ್ಡ ತಪ್ಪಾಯ್ತು, ಅದಕ್ಕೇ ನೀನು ಬರಬೇಡ ಅಂದದ್ದು ಅಂತ ಇಷ್ಟು ದಿನ..." ಅವನು ಮಾತು ನಿಲ್ಲಿಸಿದ. "ತ್ಯಾಂಪಣ್ಣನಿಗೆ ನನ್ನಿಂದ ನೋವಾಯ್ತು ಅಂತ ಅಂದ್ಕೊಂಡಿದ್ದೆ."

ಅಕ್ಷಿತಾ ಅಳುತ್ತಲೇ ಕುರ್ಚಿ ಎಳೆದು ಅವನ ಪಕ್ಕ ಕೂತಳು. "ನಿನಗೆ ನಮ್ಮ ಅಪ್ಪ ಪಿಶಾಚಿ ಅಂತ ನಾನು ಅಂದ್ಕೊಂಡೆ ಶಿಜು. ಬಿಸಾಡ್ಲಿಕ್ಕೆ ಕೊಂಡು ಹೋದದ್ದು ಅಂತ ಅಂದ್ಕೊಂಡೆ."

ನೋವಾದದ್ದು ಅವನ ಮುಖದಲ್ಲಿ ಕಾಣುತ್ತಿತ್ತು. ಕಣ್ಣು ಮುಚ್ಚಿ ಶಿಲುಬೆಯ ಗುರುತು ಮಾಡಿ, ಮೊದಲ ತುತ್ತನ್ನು ಬಾಯಿಗಿಟ್ಟ.

ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಅಮ್ಮ!

"ಎಲ್ಲಿದ್ದಿ? ಅರಂತೋಡಿನವರು ಹೊರಟಿದ್ದಾರಂತೆ."

"ಅವರು ಬರುವುದು ಬೇಡ ಅಂತ ಮಾವನಿಗೆ ಹೇಳಮ್ಮ. ನಾನು ನೆಲ್ಯಾಡಿಯಲ್ಲಿದ್ದೇನೆ." ಅವಳು ಶಿಜುವಿನ ತಟ್ಟೆಯ ಕಡೆ ನೋಡಿದಳು. "ಶಿಜು ಅಪ್ಪನ ಪಾಲನ್ನು ಬಿಸಾಡಿರಲಿಲ್ಲ ಅಮ್ಮ. ಉಪವಾಸ ಇತ್ತಂತೆ. ಇಷ್ಟು ದಿನ ಜೋಪಾನ ಮಾಡಿ ಇಟ್ಟಿದ್ದಾನೆ."

ಆ ಕಡೆಯಿಂದ ಅಮ್ಮನ ದನಿ ಕೇಳಿಸಿತು.

"ಅವ ಉಂಡನಾ?"

"ಉಣ್ತಾ ಇದ್ದಾನೆ ಅಮ್ಮ."

"ಹಾಗಾದ್ರೆ ಅರಂತೋಡಿನವರಿಗೆ ನಾನೇ ಹೇಳ್ತೇನೆ," ಎಂದು ಅಮ್ಮ ಫೋನಿಟ್ಟರು.

ಅಕ್ಷಿತಾ ಕಣ್ಣೊರೆಸಿಕೊಂಡು ಅವನ ಮುಖ ನೋಡಿದಳು. "ಹೇಗುಂಟು?"

"ಉಪ್ಪು ಕಡಿಮೆ."

"ರುಚಿ ನೋಡ್ಲಿಕ್ಕಿಲ್ಲ ಅಲ್ವಾ... ನೀನು ಗದರಿಸಿ ಗದರಿಸಿ ಅಪ್ಪನಿಗೆ ಹಾಗೇ ಮಾಡಿ ಅಭ್ಯಾಸ. ಸ್ವಲ್ಪ ಹಾಕ್ಲಾ?"

ಶಿಜು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. "ಬೇಡ. ಅವರಿಗೆ ಬಡಿಸಿದ ಹಾಗೆಯೇ ಇರ್ಲಿ."