ಗಿಳಿಯ ಸ್ವಂತ ದನಿ

ಇದು ನಿಜವಾಗಿ ನಡೆದ ಕಥೆ. ಬೇಕಾದರೆ ಆಣೆ ಇಡುತ್ತೇನೆ. ಕಥೆ ಹೇಳುವವರ ಆಣೆಗೆ ಬೆಲೆ ಎಷ್ಟು ಅಂತ ಮಾತ್ರ ಕೇಳಬೇಡಿ!

"ನಿಲ್ಲಿಸಿ! ಇದು ಯಾರ ದನಿ?"

ಹೆಡ್‌ಫೋನಿನಲ್ಲಿ ಬಂದ ಪ್ರಶ್ನೆಗೆ ಗಿಳಿ ಬೆಚ್ಚಿದಳು. ಡಬ್ಬಿಂಗ್ ಕೋಣೆಯ ಗಾಜಿನ ಆಚೆ ಧ್ವನಿಮುದ್ರಣದ ಹುಡುಗಿ ಹುಬ್ಬು ಗಂಟಿಕ್ಕಿ ಕೂತಿದ್ದಳು.

"ನನ್ನದೇ..."

"ಅಲ್ಲ. ಯಾವುದೋ ಹಳೇ ನಾಟಕದ ರಾಣಿದು. ನಿಮ್ಮದು ಕೊಡಿ ಮೇಡಂ. ಕಾಯ್ತೀನಿ."

ಕಾಯ್ತೀನಿ! ಆ ಒಂದು ಮಾತಿಗೆ ಗಿಳಿಯ ಎದೆ ಹಳಿ ತಪ್ಪಿತು.

ಗಿಳಿ ತಾನೇ ಬರೆದು, ತಾನೇ ನಿರ್ದೇಶಿಸಿ, ತಾನೇ ನಟಿಸುವವಳು. ಅವಳ ಮೊದಲ ಚಿತ್ರವನ್ನು ಹತ್ತೊಂಬತ್ತು ಜನ ನೋಡಿದ್ದರು, ಪ್ರೊಜೆಕ್ಟರ್ ನಡೆಸುವವನನ್ನೂ ಸೇರಿಸಿ. ಅವಳ ಕಥೆಗಳಲ್ಲಿ ಹೆಣ್ಣು ಹೆಣ್ಣನ್ನೇ ಪ್ರೀತಿಸುತ್ತಿದ್ದಳು. ಅವಳಿಗೆ ಒಳಗಿನಿಂದ ಗೊತ್ತಿದ್ದ ಪ್ರೀತಿ ಅದೊಂದೇ. "ಇಬ್ಬರಲ್ಲಿ ಒಬ್ಬಳನ್ನ ಗಂಡು ಮಾಡಿಬಿಡಮ್ಮ, ನಾಳೇನೇ ಶುರು ಮಾಡೋಣ" ಎಂದಿದ್ದ ನಿರ್ಮಾಪಕನಿಗೆ ಅವನದೇ ದನಿಯಲ್ಲಿ "ಆಗಲ್ಲಮ್ಮ" ಎಂದು ಬಂದಿದ್ದಳು. ಯಾರ ದನಿಯನ್ನಾದರೂ ಎರಡು ನಿಮಿಷದಲ್ಲಿ ಹಿಡಿಯುತ್ತಿದ್ದಳು. ಅದಕ್ಕೇ ಗಿಳಿ ಎಂಬ ಹೆಸರು.

ಗಾಜಿನ ಆಚೆಯವಳನ್ನು ಎಲ್ಲರೂ ಕಿವಿ ಎನ್ನುತ್ತಿದ್ದರು. ಪಕ್ಕದ ಬೀದಿಯಲ್ಲಿ ಸೈಕಲ್ ಸ್ಟ್ಯಾಂಡ್ ಹಾಕಿದರೂ "ಕಟ್!" ಎನ್ನುವವಳು.

ಎರಡನೆಯ ಚಿತ್ರ ಮುಗಿಯುವಷ್ಟರಲ್ಲಿ ಮೇಡಂ ಹೋಗಿ 'ಕಣೇ' ಬಂದಿತ್ತು. ಎರಡು ಬಾಡಿಗೆ ಕೋಣೆಗಳು ಒಂದಾಗಿದ್ದವು.

ಕಿವಿಗೆ ಒಂದೇ ಕೊರಗು. ಅವಳ ಅಮ್ಮ ಊರಲ್ಲಿ ಟೈಲರ್. ಅವರಿಗೆ ಈ ಪ್ರೀತಿಯ ವಿಷಯ ಗೊತ್ತಿರಲಿಲ್ಲ. "ಅಮ್ಮ ಒಂದು ಸಲ, ಅವಳನ್ನ ಕರ್ಕೊಂಡು ಬಾ ಅಂದ್ರೆ ಸಾಕು ಕಣೇ..." ಎನ್ನುತ್ತಾ, ತಾನೇ ಮುದ್ರಿಸಿಕೊಂಡಿದ್ದ ಅಮ್ಮನ ಹೊಲಿಗೆ ಯಂತ್ರದ ಸದ್ದನ್ನು ಕೇಳುತ್ತಾ ಮಲಗುತ್ತಿದ್ದಳು.

ಮೂರನೆಯ ಚಿತ್ರದ ಚಿತ್ರೀಕರಣ ಮುಗಿದ ವಾರ ಕಿವಿಯ ಹುಟ್ಟುಹಬ್ಬ. ನಗಿಸಬೇಕೆಂಬ ಹುಚ್ಚು ಗಿಳಿಗೆ. ಯಾರದೋ ಫೋನು ಪಡೆದಳು, ಆ ಹೊಲಿಗೆ ಯಂತ್ರದ ಸದ್ದನ್ನೇ ಹಿಂದೆ ಹಾಕಿದಳು, ಕಿವಿಯ ಫೋನಿನಲ್ಲಿ ಕೇಳಿ ಕೇಳಿ ಹಿಡಿದಿದ್ದ ಅಮ್ಮನ ದನಿ ತೆಗೆದಳು.

"ಮಗಳೇ, ನಂಗೆಲ್ಲಾ ಗೊತ್ತು. ಆ ಹುಡುಗೀನ ಮನೆಗೆ ಕರ್ಕೊಂಡು ಬಾ."

ಇನ್ನೇನು ಕಿಸಕ್ಕನೆ ನಗಬೇಕು... ಆಚೆಯಿಂದ ಬಿಕ್ಕುವ ಸದ್ದು!

"ಅಮ್ಮಾ... ನಿಜವಾಗ್ಲೂನಾ? ಈಗಲೇ ಬರ್ತೀನಿ ಇರು!"

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್. ಗಿಳಿ ಬಸ್ ನಿಲ್ದಾಣಕ್ಕೆ ಓಡುವಷ್ಟರಲ್ಲಿ ಬಸ್ಸು ಹೊರಟೇಹೋಗಿತ್ತು.

ಊರಲ್ಲಿ "ಯಾವಾಗ ಕರ್ಕೊಂಡು ಬರ್ಲಿ ಅಮ್ಮಾ?" ಎಂದ ಮಗಳಿಗೆ ಅಮ್ಮ "ಯಾರನ್ನೇ?" ಎಂದರು. ಎಲ್ಲ ಬಯಲಾಯಿತು. ಬಾಗಿಲು ಮುಚ್ಚಿತು.

ಮರಳಿ ಬಂದ ಕಿವಿ ಬಟ್ಟೆ ತುಂಬಿಕೊಳ್ಳುತ್ತಾ ಒಂದೇ ಮಾತು ಹೇಳಿದಳು. "ನಗ್ಸೋಕೆ ಹೋಗಿ ನನ್ನಮ್ಮನ್ನೇ ಕಸ್ಕೊಂಡೆ ಕಣೇ."

ಅಂದಿನಿಂದ ಗಿಳಿ ಯಾರ ದನಿಯನ್ನೂ ತೆಗೆಯಲಿಲ್ಲ. ಮೂರು ತಿಂಗಳಲ್ಲಿ ಕಳಿಸಿದ ಅರವತ್ತು ಸಂದೇಶಗಳಿಗೆ ಬಂದದ್ದು ಒಂದೇ ಉತ್ತರ: 'ಕೊನೇ ದೃಶ್ಯದ ಡಬ್ಬಿಂಗ್ ಶನಿವಾರ ಮಧ್ಯಾಹ್ನ ಮುಗಿಸಿಕೊಡ್ತೀನಿ. ಆಮೇಲೆ ನೀವು ಯಾರೋ, ನಾನು ಯಾರೋ.'

ನೀವು! ಆ ಎರಡಕ್ಷರದ ಬಹುವಚನ ಅವಳನ್ನು ಕೊಂದಿತು.

ಶುಕ್ರವಾರ ಗಿಳಿ ಕಿವಿಯ ಅಮ್ಮನ ಊರಿಗೆ ಹೋದಳು. ಬಾಗಿಲು ತೆರೆಯಲಿಲ್ಲ. ಮುಚ್ಚಿದ ಬಾಗಿಲಿಗೇ ಹೇಳಿದಳು. "ಅಮ್ಮಾ, ನಿಮ್ಮ ದನಿ ಕದ್ದವಳು ನಾನೇ. ಬೈಯೋದಾದ್ರೆ ನನಗೆ ಬೈರಿ. ಅವಳು ನಿಮ್ಮ ಮೆಷಿನ್ ಸದ್ದು ಕೇಳದೆ ನಿದ್ದೆ ಮಾಡಲ್ಲ." ಒಳಗೆ ಓಡುತ್ತಿದ್ದ ಹೊಲಿಗೆ ಯಂತ್ರ ಕ್ಷಣ ನಿಂತಿತು... ಮತ್ತೆ ಓಡತೊಡಗಿತು. ಅಷ್ಟೇ.

ಶನಿವಾರ. ಅದೇ ಕೋಣೆ, ಅದೇ ಗಾಜು. ಹೇಳಬೇಕಿದ್ದ ಸಾಲು ಮೂರೇ ಪದ: 'ನನಗೆ ನೀನು ಬೇಕು.'

ಹದಿನಾರು ಸಲ ಹೇಳಿದಳು. ಹದಿನಾರು ಸಲವೂ ಕಿವಿ ತಲೆ ಎತ್ತದೆ, "ಇನ್ನೊಂದು" ಎಂದಳು.

'ಇದು ಮುಗಿದರೆ ಎದ್ದು ಹೋಗಿಬಿಡುತ್ತಾಳೆ... ಮುಗಿಯದೇ ಇರಲಿ ದೇವರೇ!'

ಹದಿನೇಳನೆಯ ಸಲ ಗಿಳಿ ಪರದೆ ನೋಡಲಿಲ್ಲ. ಗಾಜಿನತ್ತ ತಿರುಗಿದಳು.

"ನನಗೆ... ನೀನು ಬೇಕು."

ಸಣ್ಣ ದನಿ. ಒಡೆದ ದನಿ. ಅವಳಿಗೇ ಪರಿಚಯವಿಲ್ಲದ್ದು. ಹೇಳಿದವಳೇ ಗೋಡೆಗೊರಗಿ ಕುಸಿದು, ಗಾಜಿನ ಕೆಳಗೆ ಮರೆಯಾದಳು.

ಕಿವಿಯ ಕೈ ಮೈಕಿನ ಗುಂಡಿಯ ಮೇಲೇ ನಿಂತಿತು. ಕಣ್ಣು ತುಂಬಿತು. ಅಷ್ಟರಲ್ಲಿ ಫೋನು! ಗೊತ್ತಿಲ್ಲದ ನಂಬರು. ಎತ್ತಿದರೆ ಹಿಂದೆ ಟಕಟಕ ಹೊಲಿಗೆ ಯಂತ್ರ.

"ಏ ಕತ್ತೆ, ನಾಳೆ ಭಾನುವಾರ ಬಾ. ಆ ಹುಡುಗೀನೂ ಕರ್ಕೊಂಡು ಬಾ."

ಕಿವಿಯ ಮೈ ಉರಿದುಹೋಯಿತು.

"ಥೂ! ಇವತ್ತೂನಾ? ಒಂದು ಸಲ ಕೊಂದದ್ದು ಸಾಲದಾ? ಈ ಮೆಷಿನ್ ಸದ್ದು ನಾನೇ ರೆಕಾರ್ಡ್ ಮಾಡಿದ್ದು ಕಣೇ, ನಾಚಿಕೆ ಆಗಲ್ವಾ ನಿನಗೆ!"

ಯಂತ್ರ ನಿಂತಿತು.

"ಯಾರಿಗೇ ನಾಚಿಕೆ? ಹೆತ್ತವಳಿಗೆ ಹಿಂಗಾ ಮಾತಾಡೋದು? ನನ್ನ ಫೋನು ಚಾರ್ಜಿಗಿಟ್ಟಿದೆ, ಬಟ್ಟೆ ಹೊಲಿಸೋಕೆ ಬಂದವರದ್ದು ಇಸ್ಕೊಂಡು ಮಾಡಿದ್ರೆ..."

ಹೆಡ್‌ಫೋನಿನಲ್ಲಿ ಕಿರುಚಾಟ ಕೇಳಿ ಗಿಳಿ ಗಾಜಿನ ಹಿಂದೆ ಮೆಲ್ಲಗೆ ಎದ್ದಳು. ಮೂಗು ಕೆಂಪು. ತುಟಿ ಬಿಗಿದಿತ್ತು. ಕೈಯಲ್ಲಿ ಫೋನಿರಲಿಲ್ಲ.

ಅಮ್ಮನ ದನಿ ಮಾತ್ರ ಓಡುತ್ತಲೇ ಇತ್ತು!

"ನನಗೇನೂ ಅರ್ಥ ಆಗಿಲ್ಲ, ಒಪ್ಪಿದ್ದೀನಿ ಅಂತಾನೂ ತಿಳ್ಕೋಬೇಡ. ನಿನ್ನೆ ಬಂದು ಬಾಗಿಲ ಮುಂದೆ ಅತ್ತಳು. ಬಾಗಿಲು ತೆಗೀಲಿಲ್ಲ ಅಂತ ರಾತ್ರಿಯೆಲ್ಲಾ ನನಗೇ ಸಂಕಟ. ನನ್ನ ಥರ ಮಾತಾಡಿದ್ಲಂತಲ್ಲ, ನನ್ನೆದುರಿಗೆ ಮಾಡಿ ತೋರಿಸ್ಲಿ. ಚೆನ್ನಾಗಿಲ್ದಿದ್ರೆ ಕಿವಿ ಹಿಂಡ್ತೀನಿ!"

ಕಿವಿ ಬಾಗಿಲು ತಳ್ಳಿ ಒಳಗೆ ನುಗ್ಗಿ ಗಿಳಿಯನ್ನು ಅಪ್ಪಿದಳು. ಫೋನಿನಲ್ಲಿ ಅಮ್ಮ ಇನ್ನೂ ಬೈಯುತ್ತಿದ್ದರು.

"ಊರಿಗೆ ಹೋಗಿದ್ಯಾ? ನನಗೆ ಹೇಳ್ಲೇ ಇಲ್ಲ..."

"ಹೇಳಿದ್ರೆ ನಂಬ್ತಿದ್ಯಾ?"

"ಈಗ ಹೇಳಿದ ಸಾಲು ಇನ್ನೊಂದು ಸಲ ಹೇಳು."

"ಹದಿನೇಳನೇದು ಚೆನ್ನಾಗಿರ್ಲಿಲ್ವಾ?"

"ಚೆನ್ನಾಗಿತ್ತು ಕಣೇ. ಇದು ಸಿನಿಮಾಗಲ್ಲ. ನನಗೆ."

ಗಿಳಿ ಹೇಳಿದಳು. ತನ್ನದೇ ದನಿಯಲ್ಲಿ.

"ಅಯ್ಯೋ, ಯಾರೇ ಅದು? ನನ್ನ ಥರ ಒಂಚೂರೂ ಇಲ್ವಲ್ಲೇ!" ಎಂದರು ಫೋನಿನಲ್ಲಿ ಅಮ್ಮ.

ಗಿಳಿ ನಕ್ಕಳು. ಆದರೆ ಕಣ್ಣೊರೆಸಿಕೊಳ್ಳುತ್ತಾ, ಹೊಟ್ಟೆ ಹಿಡಿದುಕೊಂಡು, ಸೂಜಿಯ ಸದ್ದನ್ನೂ ಸಹಿಸದ ಆ ಕೋಣೆಯ ಗಾಜು ಅದುರುವಂತೆ ನಕ್ಕವಳು ಕಿವಿ.