ಉಪ್ಪಿನ ಗಂಟು

ಭವಾನಿ ನಮ್ಮ ಬಾಗಿಲಿಗೆ ಬಂದಾಗ ಅವಳ ಕಾಲಲ್ಲಿ ಚಪ್ಪಲಿ ಇರಲಿಲ್ಲ. ವಿಜಯಶ್ರೀ ಮೊದಲು ಕಂಡದ್ದು ಅದನ್ನೇ. ತನ್ನ ಚಪ್ಪಲಿಯನ್ನು ತಂದು ಅವಳ ಮುಂದಿಟ್ಟು, ಆಮೇಲೆ ಒಳಗೆ ಕರೆದು ಕೂರಿಸಿದಳು.

ವಿಜಯಶ್ರೀ ಪೊಲೀಸ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತಳಾದವಳು. ನಾನು ಕಾಲೇಜಿನಲ್ಲಿ ಪಾಠ ಹೇಳಿದವಳು. ಆದವಾನಿಯ ಒಂದೇ ಮನೆಯಲ್ಲಿ ಇಬ್ಬರಿಗೂ ವಯಸ್ಸಾಗಿದೆ. ಠಾಣೆಗೆ ಹೋಗಲು ಹೆದರುವವರು ಈಗಲೂ ಅವಳನ್ನು ಹುಡುಕಿಕೊಂಡು ಬರುತ್ತಾರೆ.

"ನನ್ನ ನೆಗೆಣ್ಣಿ, ಮೈದುನನ ಹೆಂಡತಿ ನಾಗಜ್ಯೋತಿ ತೀರಿಕೊಂಡ್ಳಮ್ಮಾ. ನಾನಾ ಇಡುಮದ್ದು ಹಾಕಿ ಕೊಂದೀನಂತ," ಎಂದಳು ಭವಾನಿ. "ನನಗ ಗಂಡ ಇಲ್ಲ, ಮಕ್ಕಳಿಲ್ಲ. ಅದಕ್ಕ ಆಕಿ ಮ್ಯಾಲ ಹೊಟ್ಟಿಕಿಚ್ಚಂತ. ನನ್ನ ಖೋಲಿಗೆ ಬೀಗ ಹಾಕ್ಯಾರ. ನಾಳೆ ಕಂಪ್ಲೇಂಟ್ ಕೊಡ್ತಾರಂತ್ರಿ."

ಊಟದಲ್ಲಿ ಗುಟ್ಟಾಗಿ ಬೆರೆಸುವ ಮಾಟದ ಮದ್ದಿಗೆ ನಮ್ಮ ಕಡೆ ಇಡುಮದ್ದು ಎನ್ನುತ್ತಾರೆ. ಅದನ್ನು ಕಕ್ಕಿಸಿ ತೆಗೆಯುವವರೂ ಇದ್ದಾರೆ.

ಮಧ್ಯಾಹ್ನದ ಬಸ್ಸಿಗೆ ಮೂವರೂ ಹೊಳಗುಂದಕ್ಕೆ ಹೋದೆವು. ಭವಾನಿ ಹೊಸ್ತಿಲಾಚೆಯೇ ನಿಂತಳು. ಅತ್ತೆ ಕೊಂಡಮ್ಮ ಅವಳತ್ತ ನೋಡಲಿಲ್ಲ.

"ತಿಂಗಳಾ ತಿಂಗಳಾ ಈಕಿ ಊಟದ ಡಬ್ಬಿ ಬರ್ತಿತ್ತು. ಆವತ್ತಾ ಆಕಿಗೆ ಕಿಬ್ಬೊಟ್ಟಿ ನೋವು, ನೆಲಕ್ಕ ಬಿದ್ದು ಹೊರಳಾಡ್ತಿದ್ಲು. ಡಬ್ಬಿ ಇಲ್ಲಾ, ನೋವಿಲ್ಲಾ! ನಾನು, ಮಗಳು ಲಾವಣ್ಯ ಎರಡು ತಿಂಗಳು ಗುಂಟೂರಿಗೆ ಮೆಣಸಿನಕಾಯಿ ಬಿಡಿಸಾಕ ಹೋಗಿದ್ವಿ. ಬಂದ ವಾರಕ್ಕಾ ಹಿಂಗಾತು. ಸಾಯೋ ದಿನಾನೂ ಈಕಿದಾ ರೊಟ್ಟಿ, ಪುಂಡಿಪಲ್ಯ."

"ಹುಳೀದು ಏನಾರ ಬೇಕನ್ನಿಸೈತಿ ಅಂದಿದ್ಲು," ಭವಾನಿ ಹೊರಗಿನಿಂದಲೇ ಮೆಲ್ಲಗೆ ಹೇಳಿದಳು.

"ಬಾಯಿ ಮುಚ್ಚು ವದಿನಾ!" ನಾಗಜ್ಯೋತಿಯ ಗಂಡ ಗೋವಿಂದ ಅತ್ತಿಗೆಯನ್ನು ಗದರಿಸಿ ಒಂದು ಬಟ್ಟೆಯ ಗಂಟನ್ನು ನಮ್ಮ ಮುಂದೆ ಎಸೆದ. ಅವನು ಆಟೋ ಓಡಿಸುವವನು. "ಇದು ಆಕಿ ತಲಿದಿಂಬಿನ ಕೆಳಗ ಸಿಕ್ಕೈತಿ. ಇದು ಮಾಟ ಅಲ್ದ ಏನು?"

ವಿಜಯಶ್ರೀ ಗಂಟು ಬಿಚ್ಚಿದಳು. ಕಲ್ಲುಪ್ಪು, ನಾಲ್ಕು ಕಾಳು ಓಮ. ಬಟ್ಟೆಯನ್ನು ನನಗೆ ಕೊಟ್ಟಳು. ಅಲ್ಲಲ್ಲಿ ಕಂದಾಗಿ ಸುಟ್ಟ ಕಲೆಗಳಿದ್ದವು.

"ಆವತ್ತು ಏನಾತು, ಪೂರ್ತಿ ಹೇಳಪ್ಪಾ," ಎಂದು ಅವಳು ಗೋವಿಂದನನ್ನು ಕೇಳಿದಳು.

"ಮುಂಜಾನೆ ನೋವು ಬಂತು. ತಲಿ ತಿರುಗಿ ಬಿದ್ಲು. ಭುಜಾನೂ ನೋಯ್ತೈತಿ ಅಂದ್ಲು. ಮದ್ದು ಮ್ಯಾಲ ಏರಾಕತ್ತೈತಿ ಅಂತ ಕಕ್ಕಿಸೋನ ಹತ್ರ ಒಯ್ದೆ. ಸಂಜಿಗೆ ಮೈಯೆಲ್ಲಾ ತಣ್ಣಗ. ಆಗ ಆದವಾನಿ ಆಸ್ಪತ್ರಿ. ಹೊಟ್ಟಿ ಕೊಯ್ದ್ರು, ಉಳೀಲಿಲ್ಲ. ಹೊಟ್ಟ್ಯಾಗ ರಕ್ತ ತುಂಬಿತ್ತು ಅಂದ್ರು ಡಾಕ್ಟರಮ್ಮ. ಮದ್ದಾ ಕರುಳು ಹರಿದೈತಿ."

"ಹರಿದದ್ದು ಕರುಳಂತ ಅವರು ಹೇಳಿದ್ರಾ?"

ಗೋವಿಂದ ತಲೆ ತಗ್ಗಿಸಿದ. "ರಕ್ತ ಅಂದ್ರು. ಮುಂದ ಕೇಳಾಕ ನನಗ ಆಗಲಿಲ್ಲ."

ಹಿತ್ತಲ ತಗಡಿನ ಮಾಡಿನಡಿ ಒಂದು ಚಾಪೆ, ತಟ್ಟೆ, ಲೋಟ ಬೇರೆಯಾಗಿ ಇದ್ದವು. ಲೋಟದ ಬಾಯಿಗೆ ಜೇಡ ಬಲೆ ನೇಯ್ದಿತ್ತು.

"ಇವು ಯಾರವು?" ವಿಜಯಶ್ರೀ ಕೇಳಿದಳು.

"ನಾಗಜ್ಯೋತಿ ವದಿನಾದು," ಎಂದಳು ಲಾವಣ್ಯ, ದನಿ ತಗ್ಗಿಸಿ. "ಹೊರಗ ಕೂತಾಗ ಇದರಾಗಾ ಉಣ್ಣಬೇಕ್ರಿ. ನಂದು ಗೂಡಿನ್ಯಾಗ ಐತಿ."

ವಿಜಯಶ್ರೀ ಬೇವಿನ ಮರದ ಕೆಳಗೆ ನಿಂತು ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿದಳು. ಅವಳ ಮುಖ ಇಳಿದುಹೋದದ್ದನ್ನು ಕಂಡೆ. ಆಮೇಲೆ ಭವಾನಿಯ ಕೈ ಹಿಡಿದು ಒಳಗೆ ಕರೆತಂದು, ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿದಳು.

"ಕೊಂಡಮ್ಮಾ, ಡಬ್ಬಿ ಬರ್ತಿದ್ದದ್ದು ನಾಗಜ್ಯೋತಿ ಹೊರಗ ಕೂತ ದಿನ. ಆಕಿ ಒಲಿ ಮುಟ್ಟಂಗಿಲ್ಲ, ನೀವು ಕೂಲಿಗೆ ಹೋಗ್ತೀರಿ. ಬಿಸಿ ಊಟ ಯಾರು ಕೊಡಬೇಕು?"

"ಆ ದಿನಾ ಮೈ ಹಸಿ ಇರ್ತೈತ್ರಿ. ಮದ್ದು ಬ್ಯಾಗ ಹತ್ತತೈತಿ ಅಂತ ಕಾದು ಕೊಡ್ತಾಳ ಅನ್ಕೊಂಡೆ."

"ಡಬ್ಬಿಯಿಂದ ನೋವು ಬರಲಿಲ್ಲ. ನೋವಿನ ದಿನಾ ಅಂತ ಡಬ್ಬಿ ಬಂತು. ಉಪ್ಪಿನ ಗಂಟೂ ಅಷ್ಟೇ. ಹೆಂಚಿನ ಮ್ಯಾಲ ಕಾಸಿದ್ದಕ್ಕ ಬಟ್ಟಿ ಸುಟ್ಟೈತಿ. ಇದು ಹೊಟ್ಟಿಗೆ ಕೊಟ್ಟ ಕಾವು."

ಭವಾನಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಆದರ ಕೊನೇ ಸಲದ ನೋವು ಬೇರೆ. ಲೋಟದಾಗ ಜೇಡ ಮನಿ ಮಾಡೈತಿ. ಅಂದರ ಆಕಿ ಇತ್ತೀಚೆಗೆ ಹೊರಗ ಕೂತಾ ಇಲ್ಲ. ಹುಳಿ ಬೇಕಂದಾಳ. ಗೋವಿಂದಾ, ನಿನ್ನ ಹೆಂಡತಿ ಬಸುರಿ ಇದ್ಲು."

ಗೋವಿಂದ ತಾಯಿಯತ್ತ ತಿರುಗಿದ. ವಿಜಯಶ್ರೀ ಮುಂದುವರಿಸಿದಳು.

"ಆಕಿಗೂ ಗೊತ್ತಿತ್ತೋ ಇಲ್ಲೋ. ಕೂಸು ಗರ್ಭಚೀಲದಾಗ ನಿಲ್ಲದ ಅದರ ನಾಳದಾಗ ನಿಂತಿತ್ತು. ನಾಳ ಒಡೀತು. ತಲಿ ತಿರುಗಿದ್ದು, ಭುಜ ನೋಯ್ದದ್ದು ಒಳಗ ಸೋರಿದ ರಕ್ತಕ್ಕ. ಒಳಗ ಹಳೇ ಗಾಯದ ಅಂಟು ಇತ್ತಂತ. ತಿಂಗಳಾ ತಿಂಗಳಾ ಬರೋ ನೋವು ಅದರದಾ ಇರಬೇಕು, ನಾಳ ಕಟ್ಟಿದ್ದೂ ಅದಾ ಇರಬೇಕು ಅಂದ್ರು ಡಾಕ್ಟರಮ್ಮ. ಮೊದಲಾ ತೋರಿಸಿದ್ದರ ಗೊತ್ತಾಗ್ತಿತ್ತು."

"ಮುಂಜಾನೆನಾ ಆಸ್ಪತ್ರಿಗೆ ಒಯ್ದಿದ್ರ?" ಗೋವಿಂದ ಕೇಳಿದ.

ವಿಜಯಶ್ರೀ ಸುಳ್ಳು ಹೇಳುವವಳಲ್ಲ. "ಬಹುಶಃ ಉಳೀತಿದ್ಲಪ್ಪಾ," ಎಂದು ಅವನ ಹೆಗಲ ಮೇಲೆ ಕೈ ಇಟ್ಟಳು.

"ಹೆಣ್ಣಂದ್ರ ನೋವು ಇದ್ದದ್ದಾ ಅಂತಿದ್ದೆ," ಕೊಂಡಮ್ಮ ಗೋಡೆಗೆ ತಲೆಯಾನಿಸಿದಳು. "ಆಕಿಗೆ ಹಂಗಾ ಅಂತಿದ್ದೆ ತಾಯೀ."

ಭವಾನಿ ಅಳುತ್ತ, "ನಾನೂ ಉಪ್ಪು ಕಾಸಿ ಮಲಗಿಸ್ತಿದ್ದೆ. ದವಾಖಾನಿಗೆ ನಡಿ ಅನ್ನಲಿಲ್ಲ," ಎಂದಳು.

ಆಗ ಲಾವಣ್ಯ ಬಾಗಿಲ ಮೂಲೆಯಿಂದ, "ಅಮ್ಮಾ, ನನಗೂ ಹಂಗಾ ಆಗ್ತೈತಿ," ಎಂದಳು. "ಮೆಣಸಿನ ಹೊಲದಾಗ ಸೊಂಟ ಎತ್ತಾಕ ಬರ್ತಿರಲಿಲ್ಲ. ನಿನಗ ಹೇಳಲಿಲ್ಲ."

ಕೊಂಡಮ್ಮ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಹುಡುಗಿಗೆ ಅದಾ ಇರಬೇಕಂತಿಲ್ಲ," ಎಂದಳು ವಿಜಯಶ್ರೀ. "ಕಲ್ಲಿರಬಹುದು, ಉರಿಮೂತ್ರ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಅದನ್ನ ಹೇಳೋದು ನಾನೂ ಅಲ್ಲ, ನೀನೂ ಅಲ್ಲ, ಡಾಕ್ಟರಮ್ಮ."

ಗೋವಿಂದ ಕಣ್ಣೊರೆಸಿಕೊಂಡು ಹೊರಗೆ ಹೋದ. ಆಟೋ ಶುರುವಾದ ಸದ್ದು ಕೇಳಿಸಿತು. ಆದವಾನಿಯ ರಸ್ತೆಯ ಕಡೆ ಮುಖ ಮಾಡಿ ಅದನ್ನು ತಿರುಗಿಸಿ ನಿಲ್ಲಿಸಿದ.

ಕೊಂಡಮ್ಮ ಗೂಡಿನಿಂದ ಬೀಗದ ಕೈ ತೆಗೆದುಕೊಂಡು ಭವಾನಿಯ ಖೋಲಿಗೆ ಹೋದಳು. ಬರುವಾಗ ಕೈಯಲ್ಲಿ ಒಂದು ಜೊತೆ ಚಪ್ಪಲಿ ಇತ್ತು. ಬಾಗಿ ಸೊಸೆಯ ಕಾಲ ಬಳಿ ಇಟ್ಟಳು.

"ಹಾಕ್ಕೋ," ಎಂದಳು. "ಡಾಕ್ಟರಮ್ಮನ ಹತ್ರ ನೀನಾ ಮಾತಾಡಬೇಕು. ನನಗ ಬಾಯಿ ಬರಂಗಿಲ್ಲ."